ಕೈಕೆಲಸದ ಕೂಲಿ

ಬೆಂಗಳೂರಿನಿಂದ ಮೈಸೂರಿಗೆ ಕಾರಿನಲ್ಲಿ ಹೊರಟ ಸಂಸಾರವು ಚನ್ನಪಟ್ಟಣದಲ್ಲಿ ಒಂದು ಗಳಿಗೆ ನಿಲ್ಲದೆ ಮುಂದೆ ಹೋಗುವುದು ಹಿಂದೆ ಅಪರೂಪವಾಗಿತ್ತು. ಅರವತ್ತು ಕಿಲೋಮೀಟರು ಬರುವ ಹೊತ್ತಿಗೆ ಮಕ್ಕಳಿಗೆ ಕೈಕಾಲು ಜೋಮು ಹಿಡಿದಿರುತ್ತಿತ್ತು, ದೊಡ್ಡವರಿಗೆ ಕಾಫಿಯ ನೆನಪಾಗುತ್ತಿತ್ತು. ರಸ್ತೆಯ ಮಗ್ಗುಲಿನಲ್ಲಿ ಬೊಂಬೆಯಂಗಡಿಗಳು. ತೂಗುಹಾಕಿದ ಗಿಲಕಿಗಳು, ಕೆಂಪು ಹಳದಿ ಬುಗುರಿಗಳು, ಸಾಲಾಗಿ ನಿಲ್ಲಿಸಿದ ತೂಗುಕುದುರೆಗಳು. ಮಗು ಹೋಗಿ ಒಂದು ಕುದುರೆಯ ಕಿವಿ ಹಿಡಿದುಬಿಟ್ಟರೆ ಅರ್ಧ ವ್ಯಾಪಾರ ಆದಂತೆಯೇ. "ಎಷ್ಟಪ್ಪಾ ಇದು?" ಎಂದು ತಾಯಿ ಕೇಳುವಳು. ಅಂಗಡಿಯಾತ ಹೇಳಿದ ಬೆಲೆಯಲ್ಲಿ ತಂದೆ ಅರ್ಧವನ್ನು ಕತ್ತರಿಸುವನು. "ಅಷ್ಟಕ್ಕೆ ಮರವೂ ಬರುವುದಿಲ್ಲ ಸ್ವಾಮಿ, ಇದು ಕೈಯಲ್ಲಿ ಕಡೆದ ಮಾಲು, ಮೇಲಿರುವುದೆಲ್ಲ ಅರಗು" ಎಂದು ಆತ ಬೊಂಬೆಯನ್ನು ಉಗುರಿನಿಂದ ಕೆರೆದು ತೋರಿಸುವನು. ಕೊನೆಗೆ ಇಬ್ಬರೂ ತಾವೇ ಸೋತವರಂತೆ ಮುಖ ಮಾಡಿಕೊಳ್ಳುವರು, ಕುದುರೆ ಕಾರಿನ ಹಿಂಬದಿಗೆ ಏರುವುದು.

2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು-ಮೈಸೂರುಗಳ ನಡುವಣ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಪ್ರಯಾಣದ ಕಾಲ ಹೆಚ್ಚುಕಡಮೆ ಅರ್ಧಕ್ಕಿಳಿಯಿತೆಂದು ಎಲ್ಲರೂ ಹಿಗ್ಗಿದರು, ಹಿಗ್ಗಬೇಕಾದುದೇ. ಆದರೆ ಆ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಹೊರವಲಯದಲ್ಲಿಯೇ ಬಳಸಿಕೊಂಡು ಹೋಗುತ್ತದೆ. ಮದ್ದೂರು ವಡೆಯಾದರೆ ಹಸಿವಿನ ವಸ್ತು, ಹಸಿದವನು ಹುಡುಕಿಕೊಂಡಾದರೂ ಹೋದಾನು. ಬೊಂಬೆ ಹಾಗಲ್ಲ. ಅದನ್ನು ಕೊಳ್ಳಬೇಕೆಂದು ಮನೆಯಿಂದ ಹೊರಟವರು ಎಂದೂ ಹೆಚ್ಚಿರಲಿಲ್ಲ. ಕಣ್ಣಿಗೆ ಬಿದ್ದುದರಿಂದಲೇ ಅದು ಮಾರಾಟವಾಗುತ್ತಿತ್ತು. ಕಣ್ಣಿಗೆ ಬೀಳುವ ದಾರಿಯೇ ಬೇರೆಯಾದಾಗ ಹಳೆಯ ರಸ್ತೆಯ ಅಂಗಡಿಗಳಿಗೆ ಗಿರಾಕಿ ಕಡಿಮೆಯಾದುದರಲ್ಲಿ ಆಶ್ಚರ್ಯವಿಲ್ಲ.

ಆಗ ಎಲ್ಲ ಕಡೆಯಿಂದಲೂ ಒಂದೇ ಸಲಹೆ ಕೇಳಿಬಂತು: "ಆನ್‌ಲೈನ್‌ನಲ್ಲಿ ಮಾರಿ." ಸಲಹೆ ಸುಲಭವಾದುದು, ಅಗ್ಗವಾದುದು, ಮೇಲ್ನೋಟಕ್ಕೆ ಸರಿಯಾದುದು. ಮೊಬೈಲು ಇಲ್ಲದ ಕೈ ಇಂದು ಯಾವ ಊರಿನಲ್ಲಿದೆ? ಬಾಡಿಗೆಯಿಲ್ಲ, ಮುಂಗಡವಿಲ್ಲ, ಬಾಗಿಲು ತೆರೆದು ಧೂಳು ಹೊಡೆಯುವ ಕೆಲಸವಿಲ್ಲ. ಚನ್ನಪಟ್ಟಣದ ಬೊಂಬೆಯನ್ನು ಚಿಕಾಗೋದಲ್ಲಿರುವ ಕನ್ನಡಿಗರ ಮನೆಯ ನವರಾತ್ರಿಗೂ ಕಳುಹಿಸಬಹುದು. ಇದೆಲ್ಲ ನಿಜವೇ. ಆದರೆ ಈ ಹೊಸ ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುವವರು ಯಾರು, ಆ ಕುಳಿತ ಹೊತ್ತಿಗೆ ಕೂಲಿ ಕೊಡುವವರು ಯಾರು ಎಂಬುದನ್ನು ಸಲಹೆ ಕೊಟ್ಟವರು ವಿಚಾರಿಸಿದಂತೆ ತೋರುವುದಿಲ್ಲ.

ಬೊಂಬೆ ಹುಟ್ಟುವ ಬಗೆಯನ್ನು ಮೊದಲು ನೋಡಬೇಕು. ಅದಕ್ಕೆ ಸಾಂಪ್ರದಾಯಿಕವಾಗಿ ಬಳಸುವುದು ಆಲೆಮರ. ದಂತದಂತೆ ಬಿಳುಪು, ನಯ. ಉಳಿಗೆ ಮುನಿಯದ ಮರ. ಕಡಿದು ತಂದ ಮರವನ್ನು ತಿಂಗಳುಗಟ್ಟಲೆ ಒಣಗಿಸಬೇಕು. ಹಸಿಮರದಲ್ಲಿ ಕಡೆದ ಬೊಂಬೆ ಕೊಂಡವರ ಮನೆಯಲ್ಲಿ ಬಿರಿಯುತ್ತದೆ. ಒಣಗಿದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತ ಉಳಿಯನ್ನು ಒಡ್ಡಿದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿ ಒಳಗಿನ ಆಕಾರ ಹೊರಬರುತ್ತದೆ. ಇನ್ನು ಬಣ್ಣ. ಕುಂಚವಿಲ್ಲ, ಡಬ್ಬಿಯಿಲ್ಲ. ಬಣ್ಣ ಬೆರೆಸಿ ಕಡ್ಡಿಯಂತೆ ಮಾಡಿದ ಅರಗನ್ನು ತಿರುಗುತ್ತಿರುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ತಾನಾಗಿ ಕರಗಿ ಮೈಗೆ ಹತ್ತುತ್ತದೆ. ಅದರ ಮೇಲೆ ತಾಳೆಗರಿಯನ್ನು ಒತ್ತಿ ಹಿಡಿದಾಗ ಬಣ್ಣ ಸಮನಾಗಿ ಹರಡಿ, ಮಂಕಾಗಿದ್ದುದು ಕನ್ನಡಿಯಂತೆ ಹೊಳೆಯತೊಡಗುತ್ತದೆ. ಎಷ್ಟು ಒತ್ತಬೇಕು, ಯಾವಾಗ ಕೈ ತೆಗೆಯಬೇಕು ಎಂಬುದನ್ನು ಅಳೆಯುವ ಉಪಕರಣ ಆ ಕುಶಲಿಯ ಹೆಬ್ಬೆರಳೊಂದೇ. ಒಂದು ಕ್ಷಣ ತಡವಾದರೆ ಅರಗು ಸುಟ್ಟು ಕಪ್ಪಾಗುತ್ತದೆ.

ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಬೊಂಬೆಗಳು ಸಾವಿರ ಇದ್ದರೂ ಒಂದೇ. ಹೆಬ್ಬೆರಳಿನಿಂದ ಹುಟ್ಟಿದ ಬೊಂಬೆಗಳು ಎರಡಿದ್ದರೂ ಬೇರೆ. ರಸ್ತೆಯಂಗಡಿಯಲ್ಲಿ ಇದು ಗುಣವಾಗಿತ್ತು. ಆರು ಆನೆಗಳನ್ನು ಮುಂದಿಟ್ಟುಕೊಂಡು, ಸೊಂಡಿಲು ಚೆನ್ನಾಗಿರುವ ಒಂದನ್ನು ಆರಿಸಿಕೊಳ್ಳುವುದರಲ್ಲಿ ಗಿರಾಕಿಗೆ ಸುಖವಿತ್ತು. ಆನ್‌ಲೈನ್ ಅಂಗಡಿಯಲ್ಲಿ ಇದೇ ಗುಣ ದೋಷವಾಗುತ್ತದೆ. ಅಲ್ಲಿ ಗಿರಾಕಿ ಆರಿಸುವುದು ಆನೆಯನ್ನಲ್ಲ, ಆನೆಯ ಚಿತ್ರವನ್ನು. ಮನೆಗೆ ಬಂದ ಆನೆ ಚಿತ್ರದ ಆನೆಗಿಂತ ಕೂದಲೆಳೆಯಷ್ಟು ಗಿಡ್ಡವಾಗಿದ್ದರೆ, ಹಳದಿ ಒಂದು ಛಾಯೆ ಹೆಚ್ಚು ಗಾಢವಾಗಿದ್ದರೆ, "ತೋರಿಸಿದ್ದೇ ಒಂದು, ಕಳುಹಿಸಿದ್ದೇ ಒಂದು" ಎಂಬ ದೂರು ಬರುತ್ತದೆ; ಐದು ನಕ್ಷತ್ರದ ಜಾಗದಲ್ಲಿ ಒಂದು ನಕ್ಷತ್ರ ಬೀಳುತ್ತದೆ. ಕೈಯಿಂದ ಮಾಡಿದುದೆಂದು ಮೆಚ್ಚಿ ಕೊಂಡವರೇ ಯಂತ್ರದಿಂದ ಬಂದಂತಿರಬೇಕೆಂದು ಅಪೇಕ್ಷಿಸುವುದು ಈ ಕಾಲದ ವಿನೋದಗಳಲ್ಲೊಂದು.

ರಸ್ತೆಯಂಗಡಿಯ ಯಜಮಾನನನ್ನು ದಲ್ಲಾಳಿ, ಲಾಭಕೋರ ಎಂದು ಬೈಯುವುದು ಬಹುಕಾಲದಿಂದ ನಡೆದುಬಂದ ರೂಢಿ. ಅವನು ಎಷ್ಟು ಕೆಲಸ ಮಾಡುತ್ತಿದ್ದನೆಂಬುದು ಅವನಿಲ್ಲದಾಗಲೇ ತಿಳಿಯುವುದು. ಮಾಲನ್ನು ಜೋಡಿಸಿಡುವವನು ಅವನು. ಗುಣ ವರ್ಣಿಸುವವನು, ಚೌಕಾಸಿಗೆ ತಲೆಕೊಡುವವನು, ಕಾಗದದಲ್ಲಿ ಸುತ್ತಿಕೊಡುವವನು, ಮಳೆಗಾಲದಲ್ಲಿ ನಷ್ಟ ತಡೆದುಕೊಳ್ಳುವವನು ಅವನು. ಆನ್‌ಲೈನ್ ಅಂಗಡಿಯಲ್ಲಿ ಇಷ್ಟೂ ಕೆಲಸ ಮಾಡಿದವನ ತಲೆಯ ಮೇಲೆಯೇ ಬೀಳುತ್ತದೆ. ಲೇತಿನ ಮುಂದೆ ಕೂರಬೇಕಾದವನು ಬಿಳಿಯ ಬಟ್ಟೆ ಹಾಸಿ, ಕಿಟಕಿಯ ಬೆಳಕಿಗೆ ಕಾದು, ಒಂದೇ ಬುಗುರಿಯ ಎಂಟು ಚಿತ್ರ ತೆಗೆಯುತ್ತಾನೆ, ಉದ್ದಗಲ ಅಳೆದು ಬರೆಯುತ್ತಾನೆ, ರಾತ್ರಿ ಹನ್ನೊಂದಕ್ಕೆ ಬರುವ "ಲಭ್ಯವಿದೆಯೇ?" ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಾನೆ. ಉತ್ತರ ಪಡೆದವರೆಲ್ಲ ಕೊಳ್ಳುತ್ತಾರೆಂದಲ್ಲ. ಮನೆಬಾಗಿಲಲ್ಲಿ ಹಣ ಕೊಡುವೆನೆಂದು ತರಿಸಿಕೊಂಡವರು ಕೊರಿಯರಿನವನು ಬಂದಾಗ "ಬೇಡ" ಎಂದರೆ, ಹೋದ ಖರ್ಚೂ ಬಂದ ಖರ್ಚೂ ಸಾಮಾನ್ಯವಾಗಿ ಮಾರಿದವನ ಲೆಕ್ಕಕ್ಕೇ ಸೇರುತ್ತದೆ.

ಕೊರಿಯರಿನ ತೂಕದ ಲೆಕ್ಕ ಬೇರೊಂದು ಪಾಠ. ಅಲ್ಲಿ ತಕ್ಕಡಿಯ ತೂಕವೊಂದೇ ಅಲ್ಲ, ಪೆಟ್ಟಿಗೆ ಆಕ್ರಮಿಸುವ ಜಾಗಕ್ಕೂ ತೂಕ ಕಟ್ಟುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯವಾಗಿ ನಡೆಯುವ ಕ್ರಮ. ಬಂದ ಉತ್ತರವೇ ಕಿಲೋಗ್ರಾಮು. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. 300 ಗ್ರಾಮಿನ ಬೊಂಬೆಯನ್ನು ಮುರಿಯದಂತೆ ಹುಲ್ಲು, ಕಾಗದ ತುಂಬಿ 30, 20, 20 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿಟ್ಟರೆ ಅದು 2.4 ಕಿಲೋ ಆಗಿ ಕೂರುತ್ತದೆ. ಬೊಂಬೆಗಿಂತ ಗಾಳಿಗೇ ಹೆಚ್ಚು ದರ. ಈ ಒಂದು ಲೆಕ್ಕವನ್ನು ಮೊದಲು ತಿಳಿಯದೆ ಬೆಲೆ ನಿಗದಿ ಮಾಡಿದವರು ಮೊದಲ ತಿಂಗಳಲ್ಲಿಯೇ ಕೈಸುಟ್ಟುಕೊಳ್ಳುತ್ತಾರೆ.

ಇದು ಕುಲಕಸುಬಿನವರ ಮಾತಾಯಿತು. ಪಟ್ಟಣದ ಮನೆಗಳಲ್ಲಿಯೂ ಈಗ ಆನ್‌ಲೈನ್ ಅಂಗಡಿಗಳು ತೆರೆದಿವೆ. ಗಂಡ ಕಚೇರಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ ಒಬ್ಬ ಗೃಹಿಣಿ ಕ್ರೋಶಾ ಕಡ್ಡಿ ಹಿಡಿದು ಕೈಚೀಲ ಹೆಣೆಯುತ್ತಾಳೆಂದು ಇಟ್ಟುಕೊಳ್ಳಬಹುದು. ಚೀಲದ ಬೆಲೆ 600 ರೂಪಾಯಿ. ದಾರ ಮತ್ತು ಒಳಬಟ್ಟೆಗೆ 170. ಪೆಟ್ಟಿಗೆ, ಕಾಗದ, ಅಂಟುಪಟ್ಟಿಗೆ 30. ಮಾರುಕಟ್ಟೆಯವರ ಕಮಿಷನ್ನು ಮತ್ತು ಸಾಗಣೆಗೆ 120. ಕೈಗೆ ಉಳಿದದ್ದು 280. ಮನೆಯಲ್ಲಿ ಸಂತೋಷ, ಅತ್ತೆ ಬಂದವರಿಗೆಲ್ಲ ತೋರಿಸುತ್ತಾರೆ. ಆದರೆ ಚೀಲ ಹೆಣೆಯಲು ಹಿಡಿದದ್ದು ಒಂಬತ್ತು ಗಂಟೆ, ಚಿತ್ರ, ಪತ್ರ, ಪೆಟ್ಟಿಗೆಗಳಿಗೆ ಒಂದು ಗಂಟೆ. ಅಂದರೆ ಗಂಟೆಗೆ 28 ರೂಪಾಯಿ. ಬೆಂಗಳೂರಿನ ಆಟೋರಿಕ್ಷಾದಲ್ಲಿ ಕುಳಿತ ಮಾತ್ರಕ್ಕೆ, ಮೊದಲ ಎರಡು ಕಿಲೋಮೀಟರಿಗೆ, 2025ರ ಆಗಸ್ಟ್‌ನಿಂದ 36 ರೂಪಾಯಿ.

ಈ ಲೆಕ್ಕ ಹೇಳಿದರೆ ಮನೆಯಲ್ಲಿ ಒಂದೇ ಉತ್ತರ: "ಹೇಗೂ ಸುಮ್ಮನೆ ಕೂರುತ್ತಿದ್ದೆ, ಹೊತ್ತು ಹೋಗಲೆಂದು ಮಾಡಿದ್ದು." ಸುಮ್ಮನೆ ಕೂತ ಗೃಹಿಣಿಯನ್ನು ಕಂಡವರು ಯಾರೂ ಇಲ್ಲವೆಂಬುದನ್ನು ಹಾಗಿರಲಿ ಎಂದು ಬಿಡೋಣವೆಂದರೂ, ಈ ಉತ್ತರದಿಂದಾಗುವ ಅನ್ಯಾಯ ಆಕೆಯೊಬ್ಬಳಿಗೇ ನಿಲ್ಲುವುದಿಲ್ಲ. ಆನ್‌ಲೈನ್ ಮಾರುಕಟ್ಟೆಯಲ್ಲಿ "ಕೈಚೀಲ" ಎಂದು ಹುಡುಕಿದವರಿಗೆ ಆಕೆಯ 600 ರೂಪಾಯಿಯ ಚೀಲದ ಪಕ್ಕದಲ್ಲೇ ಸಂಡೂರಿನ ಲಂಬಾಣಿ ಹೆಂಗಸು ಕನ್ನಡಿ, ಕವಡೆ ಕೂರಿಸಿ ಹೊಲಿದ 1,500 ರೂಪಾಯಿಯ ಚೀಲವೂ ಕಾಣಬಹುದು. ಒಬ್ಬಳ ಮನೆಯ ಅಕ್ಕಿ ಗಂಡನ ಸಂಬಳದಿಂದ ಬರುತ್ತದೆ; ಇನ್ನೊಬ್ಬಳ ಮನೆಯ ಅಕ್ಕಿ ಆ ಚೀಲದಿಂದಲೇ ಬರಬೇಕು. ನೋಡುವ ಗಿರಾಕಿಗೆ ಇದು ಗೊತ್ತಾಗುವುದಿಲ್ಲ. "ಇವಳು 600ಕ್ಕೆ ಕೊಡುತ್ತಾಳೆ, ನಿಮ್ಮದು ಏಕೆ ಇಷ್ಟು?" ಎಂಬುದು ಅವನ ಪ್ರಶ್ನೆ. ಹೊತ್ತು ಕಳೆಯಲು ಮಾಡಿದವರ ಔದಾರ್ಯವು ಹೊಟ್ಟೆಪಾಡಿಗೆ ಮಾಡುವವರ ಕೂಲಿಯನ್ನು ಇಳಿಸುತ್ತದೆ. ಗೃಹಿಣಿ ತನ್ನ ಹತ್ತು ಗಂಟೆಗೆ ಬೆಲೆ ಕಟ್ಟಿಕೊಂಡರೆ ಅದು ದುರಾಸೆಯಲ್ಲ, ನೆರೆಯಾಕೆಗೆ ಮಾಡಿದ ಉಪಕಾರ.

ಸಂಡೂರಿನವರ ಕೆಲಸ ಎಂಥದೆಂಬುದನ್ನು 2023ರ ಜುಲೈಯಲ್ಲಿ ಹಂಪಿಗೆ ಬಂದವರು ಕಂಡರು. ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆಯ ಸಂದರ್ಭದಲ್ಲಿ, ಸಂಡೂರು ಕುಶಲ ಕಲಾ ಕೇಂದ್ರಕ್ಕೆ ಸೇರಿದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ಕಸೂತಿ ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಯಿತು. ದಾಖಲೆ ಪತ್ರಿಕೆಗಳಲ್ಲಿ ಬಂತು. ಒಂದು ವಸ್ತುವಿಗೆ ಎಷ್ಟು ದಿನ ಹಿಡಿಯಿತೆಂದು ಕೇಳಿದವರು ಎಷ್ಟು ಮಂದಿಯೋ!

ಕೈಕೆಲಸಕ್ಕೆಂದೇ ತೆರೆದ ಆನ್‌ಲೈನ್ ಸಂತೆಯ ಕಥೆಯೂ ಇಲ್ಲಿ ತಿಳಿಯತಕ್ಕದ್ದು. 2005ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಎಟ್ಸಿ ಎಂಬ ಮಾರುಕಟ್ಟೆ ಹುಟ್ಟಿತು. ಕೈಯಿಂದ ಮಾಡಿದವರು, ಕೈಯಿಂದ ಮಾಡಿದುದನ್ನು, ನೇರವಾಗಿ ಕೊಳ್ಳುವವರಿಗೆ ಮಾರಲಿ ಎಂಬುದು ಅದರ ಸಂಕಲ್ಪ. ಒಂದು ವಸ್ತುವನ್ನು ನಾಲ್ಕು ತಿಂಗಳು ತೋರಿಸಲು 20 ಸೆಂಟು, ಮಾರಾಟವಾದರೆ ನೂರಕ್ಕೆ ಮೂರೂವರೆ. ಸಾವಿರಾರು ಮನೆಗಳಲ್ಲಿ ಕುಂಬಾರರು, ನೇಕಾರರು, ಅಕ್ಕಸಾಲಿಗಳು ಅಲ್ಲಿ ಅಂಗಡಿಯಿಟ್ಟರು. ಅವರಲ್ಲಿ ಚೆನ್ನಾಗಿ ನಡೆದವರಿಗೆ ಒಂದು ವಿಚಿತ್ರ ಕಷ್ಟ ಬಂತು: ಬೇಡಿಕೆ ಏರಿತು, ಕೈಗಳು ಎರಡೇ ಉಳಿದವು. 2013ರಲ್ಲಿ ಎಟ್ಸಿ ತನ್ನ ನಿಯಮವನ್ನು ಸಡಿಲಿಸಿ, ವಿನ್ಯಾಸ ತಮ್ಮದಾಗಿದ್ದರೆ ಹೊರಗಿನ ತಯಾರಕರಿಂದ ಮಾಡಿಸಬಹುದೆಂದಿತು. ಕೈಗೂ ಕಾರ್ಖಾನೆಗೂ ನಡುವೆ ಇದ್ದ ಗೋಡೆಯಲ್ಲಿ ಒಂದು ಕಿಂಡಿ ಬಿದ್ದಂತಾಯಿತು. 2015ರಲ್ಲಿ ಕಂಪನಿಯ ಷೇರುಗಳು ಪೇಟೆಗೆ ಬಂದವು. ಷೇರುದಾರರಿಗೆ ಕೈಕೆಲಸಕ್ಕಿಂತ ಲಾಭವೇ ಪ್ರಿಯವೆಂದು ಬೇರೆ ಹೇಳಬೇಕಾಗಿಲ್ಲ. ಮೂರೂವರೆ ಇದ್ದ ಕಮಿಷನ್ನು 2018ರಲ್ಲಿ ಐದಕ್ಕೆ, 2022ರ ಏಪ್ರಿಲ್‌ನಲ್ಲಿ ಆರೂವರೆಗೆ ಏರಿತು. ಆಗ ಸಾವಿರಾರು ಮಂದಿ ಮಾರಾಟಗಾರರು ಒಂದು ವಾರ ಅಂಗಡಿ ಮುಚ್ಚಿ ಮುಷ್ಕರ ಹೂಡಿದರು. ಮುಷ್ಕರ ಮುಗಿಯಿತು, ಆರೂವರೆ ಮುಗಿಯಲಿಲ್ಲ.

ಪರದೇಶದ ಗಿರಾಕಿಯನ್ನೇ ನೆಚ್ಚಿದವರಿಗೆ ಇನ್ನೊಂದು ಪೆಟ್ಟು 2025ರಲ್ಲಿ ಬಿತ್ತು. 800 ಡಾಲರಿನವರೆಗಿನ ಪಾರ್ಸಲುಗಳಿಗೆ ಅಮೆರಿಕವು ಕೊಡುತ್ತಿದ್ದ ಸುಂಕದ ವಿನಾಯಿತಿ ಆ ವರ್ಷದ ಆಗಸ್ಟ್ 29ರಿಂದ ನಿಂತಿತು. ಗೊಂದಲದಲ್ಲಿ ಭಾರತದ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಅಲ್ಲಿಗೆ ಪಾರ್ಸಲು ಸ್ವೀಕರಿಸುವುದನ್ನು ನಿಲ್ಲಿಸಿತು. ಮತ್ತೆ ಆರಂಭಿಸಿದ್ದು ಅಕ್ಟೋಬರ್ 15ಕ್ಕೆ. ನವರಾತ್ರಿ ಆ ನಡುವೆ ಬಂದು ಹೋಗಿತ್ತು. ಹೆದ್ದಾರಿ ಪಕ್ಕಕ್ಕೆ ಸರಿದಾಗ ಕಣ್ಣಿಗಾದರೂ ಕಾಣುತ್ತಿತ್ತು. ಈ ದಾರಿ ಸರಿದದ್ದು ಕಾಣಲೂ ಇಲ್ಲ.

ಸ್ವದೇಶದ ನಿಯಮಗಳಲ್ಲಿಯೂ ಗಂಟುಗಳುಂಟು, ಕೆಲವು ಬಿಚ್ಚಿವೆ. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಸರಕು ಮಾರುವವರು, ವಹಿವಾಟು ಎಷ್ಟೇ ಚಿಕ್ಕದಾಗಿರಲಿ, ಜಿ.ಎಸ್.ಟಿ. ನೋಂದಣಿ ಮಾಡಿಸಲೇಬೇಕೆಂಬ ನಿಯಮವಿತ್ತು. 2023ರ ಅಕ್ಟೋಬರ್ 1ರಿಂದ, ಮಿತಿಗಿಂತ ಕಡಿಮೆ ವಹಿವಾಟಿನವರಿಗೆ ಅದರಿಂದ ಬಿಡುಗಡೆ ದೊರೆಯಿತು. ಪ್ಯಾನ್ ಸಂಖ್ಯೆ ಕೊಟ್ಟು ಹೆಸರು ದಾಖಲಿಸಿದರೆ ಸಾಕು. ಆದರೆ ಹೀಗೆ ಮಾರುವುದು ರಾಜ್ಯದೊಳಗೆ ಮಾತ್ರ. ಆದುದರಿಂದ ನೋಂದಣಿಯಿಲ್ಲದ ಸಣ್ಣ ಮಾರಾಟಗಾರನ ಚೀಲ ಬೆಂಗಳೂರಿನಿಂದ ದೂರದ ಬೀದರಿಗೆ ಹೋಗಬಹುದು, ಮಗ್ಗುಲಲ್ಲೇ ಇರುವ ಹೊಸೂರಿಗೆ ಹೋಗುವಂತಿಲ್ಲ. ಇನ್ನು ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಮುದ್ರೆ ಕಡ್ಡಾಯ. ಒಂದೊಂದು ಬುಗುರಿಯನ್ನೂ ಪರೀಕ್ಷೆಗೆ ಕಳುಹಿಸುವುದು ಒಂದು ಲೇತಿನ ಮನೆಗೆ ಸಾಧ್ಯವೆ? ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ, ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಕೊಟ್ಟು ಸರ್ಕಾರ ವಿವೇಕ ತೋರಿತು. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತು ಇದೆ; ಸಂಡೂರಿನ ಲಂಬಾಣಿ ಕಸೂತಿಗೂ, ಬಿದರಿ ಪಾತ್ರೆಗೂ, ಕಿನ್ನಾಳದ ಬೊಂಬೆಗೂ ಇದೆ. ಕಾರ್ಖಾನೆಯ ಬಣ್ಣ ಬಳಿದ ಮರದ ತುಂಡನ್ನು "ಚನ್ನಪಟ್ಟಣ ಮಾದರಿ" ಎಂದು ಕರೆದು ಮಾರುವವರ ಪುಟದಲ್ಲಿ ಆ ಗುರುತನ್ನು ಹುಡುಕಿದರೆ ಸಿಕ್ಕದು. "ಮಾದರಿ" ಎಂಬ ಮೂರಕ್ಷರವನ್ನು ಓದದೆ ಬಿಡುವ ಗಿರಾಕಿಗಳಿಂದಲೇ ಅವರ ಅಂಗಡಿ ನಡೆಯುವುದು.

ಹಾಗಾದರೆ ಕುಶಲಕರ್ಮಿ ಒಬ್ಬೊಬ್ಬನೇ ಈ ಸಂತೆಯಲ್ಲಿ ನಿಂತು ಗೆಲ್ಲಬಲ್ಲನೆ? ಕೆಲವರು ಗೆದ್ದಿದ್ದಾರೆ. ಮಗಳು ಇಂಗ್ಲಿಷು ಓದಿರುತ್ತಾಳೆ, ಸೋದರಳಿಯನಿಗೆ ಕ್ಯಾಮೆರಾ ತಿಳಿದಿರುತ್ತದೆ. ಅಂಥ ಮನೆಗಳಲ್ಲಿ ನಡೆಯುತ್ತದೆ. ಉಳಿದವರ ಪಾಲಿಗೆ ಹಳೆಯ ಉಪಾಯವೇ ಲೇಸೆಂದು ತೋರುತ್ತದೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು, 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಸ್ಥಾಪನೆಯಾದಾಗ ಅದರ ಹೊಣೆ ಹೊತ್ತು, ಮಾಡುವವನು ಬೇರೆ ಮಾರುವವನು ಬೇರೆ ಇರಲಿ, ಆದರೆ ಮಾರುವವನು ಮಾಡುವವನ ಕಡೆಯವನಾಗಿರಲಿ ಎಂಬ ರೀತಿಯಲ್ಲಿ ಸಹಕಾರ ಸಂಘಗಳನ್ನೂ ಮಾರಾಟ ಕೇಂದ್ರಗಳನ್ನೂ ಬೆಳೆಸಿದರು. 1964ರಲ್ಲಿ ಆರಂಭವಾದ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮವು ನಡೆಸುವ ಕಾವೇರಿ ಎಂಪೋರಿಯಂ ಕೂಡ ಇದೇ ದಾರಿಯದು. ಆ ಮಳಿಗೆಗಳ ನಿಧಾನ, ಗಾಜಿನ ಬೀರುವಿನ ಮೇಲಿನ ಧೂಳು, ಸಿಬ್ಬಂದಿಯ ಆಕಳಿಕೆಗಳನ್ನು ಆಡಿಕೊಂಡು ನಕ್ಕವರು ಬಹಳ. ಆದರೂ ಬಿದರಿಯ ಹೂದಾನಿಯನ್ನು ಮಾಡಿದವನು ಚಿತ್ರ ತೆಗೆಯುವುದನ್ನೂ ಕಲಿಯಲಿ ಎಂದು ಅವರು ಅಪೇಕ್ಷಿಸಲಿಲ್ಲ.

ಇಪ್ಪತ್ತು ಲೇತುಗಳು ಸೇರಿ ಒಂದೇ ಆನ್‌ಲೈನ್ ಅಂಗಡಿ ತೆರೆಯುವುದು, ಚಿತ್ರ, ಪತ್ರ, ಪೆಟ್ಟಿಗೆಗಳಿಗೆ ಸಂಬಳದ ಇಬ್ಬರನ್ನು ಇಡುವುದು, ಆ ಸಂಬಳವನ್ನು ಬೆಲೆಯಲ್ಲಿಯೇ ಸೇರಿಸುವುದು: ಇದರಲ್ಲಿ ಹೊಸತೇನೂ ಇಲ್ಲ, ಹಾಲಿನ ಡೈರಿಗಳಲ್ಲಿ ಹಳ್ಳಿಯವರು ಮಾಡುತ್ತಿರುವುದೇ. ಸ್ತ್ರೀಶಕ್ತಿ ಗುಂಪುಗಳಿಗೆ ಲೆಕ್ಕ ಬರೆಯುವ ಅಭ್ಯಾಸ ಈಗಾಗಲೇ ಇದೆ. ಪಟ್ಟಣದ ಗೃಹಿಣಿಯರೂ ತಮ್ಮ ಬೀದಿಯ ನಾಲ್ವರನ್ನು ಕೂಡಿಸಿಕೊಂಡು ಹೀಗೆ ಮಾಡಬಹುದು. ನಾಲ್ವರು ಸೇರಿದಾಗಲಾದರೂ ಒಬ್ಬಳು ಇನ್ನೊಬ್ಬಳನ್ನು ಕೇಳುವಳು: "ಅಕ್ಕಾ, ಇದಕ್ಕೆ ಎಷ್ಟು ಗಂಟೆ ಹಿಡಿಯಿತು?" ಮನೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು.

ಕೊಳ್ಳುವವರ ಪಾಲಿನ ಕೆಲಸ ಬಹಳ ಕಡಿಮೆ, ಆದರೆ ಬಲು ಕಷ್ಟದ್ದು: ಕಾಯುವುದು. ಒಳ್ಳೆಯ ಕೈಕೆಲಸದ ಅಂಗಡಿಯ ಪುಟದಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: "ಹೇಳಿದ ಮೇಲೆ ಮಾಡಿಕೊಡಲಾಗುವುದು, ಹನ್ನೆರಡು ದಿನ ಬೇಕು." ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬಾಗಿಲಿಗೆ ಬರುವ ಊರಿನಲ್ಲಿ ಹನ್ನೆರಡು ದಿನ ದೀರ್ಘವೇ. ಬಹುಮಂದಿ ಆ ಸಾಲಿನವರೆಗೆ ಬಂದು ಪುಟ ಮಡಿಚಿಬಿಡುತ್ತಾರೆ. ಆ ಹನ್ನೆರಡು ದಿನಗಳಲ್ಲಿ ಚನ್ನಪಟ್ಟಣದ ಯಾವುದೋ ಓಣಿಯಲ್ಲಿ ಒಂದು ಲೇತು ತಿರುಗುತ್ತದೆ, ತಾಳೆಗರಿಯೊಂದು ಸವೆಯುತ್ತದೆ, ಕೊಂಡವರ ಹೆಸರು ಬರೆದ ಚೀಟಿಯೊಂದು ಗೋಡೆಯ ಮೊಳೆಗೆ ನೇತಾಡುತ್ತಿರುತ್ತದೆ.